ಹಿತ್ತಲ ಬಾಗಿಲಿನ ಹುಂತಾಸ್

ಉತ್ಥಾನ ದ್ವಾದಶಿಯ ದಿನ ಮಾನ್ವಿಯ ನಮ್ಮ ಮನೆಯಲ್ಲಿ ತುಳಸಿಕಟ್ಟೆಗೆ ಸಿಕ್ಕಿಸುವ ನೆಲ್ಲಿಟೊಂಗೆಯನ್ನು ಅತ್ತೆ ನನ್ನ ಮುಂದೆ ನೆಲದ ಮೇಲೆ ಇಟ್ಟಳು. ಮಡಿಯಲ್ಲಿದ್ದಾಗ ಅವಳು ಯಾರ ಕೈಗೂ ಏನನ್ನೂ ಕೊಡುವುದಿಲ್ಲ. ಬಾಗಿ ಟೊಂಗೆ ಎತ್ತಿಕೊಳ್ಳುವಾಗ ಅವಳ ಮುಂಗೈ ಕಣ್ಣಿಗೆ ಬಿತ್ತು. ಆ ಕೈಯಲ್ಲಿ ಮಾಂಸ ಅನ್ನುವುದೇ ಇರಲಿಲ್ಲ. ಮೂಳೆಯ ಮೇಲೆ ಚರ್ಮ ಹೊದಿಸಿಟ್ಟ ಹಾಗಿತ್ತು. ಬೇಸಿಗೆಯಲ್ಲಿ ನಾನು ಬಂದಾಗ ಇದೇ ಕೈ ಒಳಕಲ್ಲಿನಲ್ಲಿ ಉದ್ದಿನಬೇಳೆ ರುಬ್ಬುತ್ತಿತ್ತು.

ಅತ್ತೆ ಎಂದರೆ ಗಂಡನ ತಾಯಿ ಅಲ್ಲ, ಅಪ್ಪನ ಅಕ್ಕ. ನಮ್ಮ ಕಡೆ ‘ಅತ್ಯಾ’ ಅಂತ ಕರೆಯುತ್ತೇವೆ. ಮದುವೆಯಾದ ಸ್ವಲ್ಪ ದಿನಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಅಲ್ಲಿಂದ ಮುಂದೆ ಮಡಿ ಹೆಂಗಸಾಗಿಯೇ ಉಳಿದಳು. ಕೆಂಪು ಸೀರೆ, ತಲೆಯ ಮೇಲಿನ ಸೆರಗು ಜಾರಿದ್ದನ್ನು ನಾನು ಕಂಡಿಲ್ಲ. ಬೆಳಿಗ್ಗೆ ಒದ್ದೆ ಸೀರೆಯಲ್ಲೇ ಒಲೆ ಹಚ್ಚಿದರೆ ದೇವರ ನೈವೇದ್ಯ, ಗಂಡಸರ ಪಂಕ್ತಿ, ಹೆಂಗಸರ ಪಂಕ್ತಿ ಎಲ್ಲ ಮುಗಿಯುವ ತನಕ ನಿಂತೇ ಇರುತ್ತಾಳೆ. ಎಲ್ಲರದೂ ಆದ ಮೇಲೆ ಅಡುಗೆಮನೆಯ ಒಳಬಾಗಿಲು ಹಾಕಿಕೊಂಡು ಒಬ್ಬಳೇ ಊಟಕ್ಕೆ ಕೂರುತ್ತಾಳೆ. ದಿನಕ್ಕೆ ಅದೊಂದೇ ಊಟ. ಆ ಹೊತ್ತಿನಲ್ಲಿ ಅವಳನ್ನು ಯಾರೂ ನೋಡಬಾರದು, ಮಾತಾಡಿಸಬಾರದು. ದೃಷ್ಟಿ ಬಿದ್ದ ಅನ್ನ ಮಡಿಗೆ ಬರುವುದಿಲ್ಲ. ನಾವು ಮಕ್ಕಳಾಗಿದ್ದಾಗ ಆ ಬಾಗಿಲಿನ ಮುಂದೆ ಕಾಲಿನ ಸಪ್ಪಳ ಕೂಡ ಮಾಡುತ್ತಿರಲಿಲ್ಲ.

ಟೊಂಗೆ ಹಿಡಿದುಕೊಂಡೇ ತಮ್ಮನ ಹತ್ತಿರ ಹೋದೆ. ಅವನು ಊರಿನ ಪ್ರಾಣದೇವರ ಗುಡಿಯಲ್ಲಿ ಪೂಜೆ ಮಾಡುತ್ತಾನೆ, ಆ ಮನೆಯಲ್ಲಿ ಈಗ ಅವನ ಸಂಸಾರ ಮತ್ತು ಅತ್ತೆ. ಅತ್ಯಾಗೆ ಏನಾಗಿದೆ ಎಂದು ಕೇಳಿದರೆ ಅವನ ಮುಖದಲ್ಲಿ ಹೆಮ್ಮೆ ಉಕ್ಕಿತು. ಈ ಸಲದ ಚಾತುರ್ಮಾಸ್ಯವನ್ನು ಅತ್ಯಾ ಹಿಡಿದ ಹಾಗೆ ಊರಲ್ಲಿ ಯಾರೂ ಹಿಡಿದಿಲ್ಲವಂತೆ. ಮಳೆಗಾಲದ ಆ ನಾಲ್ಕು ತಿಂಗಳು ನಮ್ಮ ಮನೆಗಳಲ್ಲಿ ಒಂದು ತಿಂಗಳು ಕಾಯಿಪಲ್ಲೆ ಬಿಡುತ್ತಾರೆ, ಒಂದು ತಿಂಗಳು ಮೊಸರು, ಒಂದು ತಿಂಗಳು ಹಾಲು, ಕೊನೆಗೆ ಬೇಳೆ. ಒಂದನ್ನು ಬಿಟ್ಟಾಗ ಹಿಂದೆ ಬಿಟ್ಟದ್ದನ್ನು ಮತ್ತೆ ಹಿಡಿಯುವುದು ರೂಢಿ. ಅತ್ತೆ ಬಿಟ್ಟದ್ದನ್ನು ಹಿಡಿಯಲೇ ಇಲ್ಲವಂತೆ. ಪಲ್ಲೆಯೂ ಇಲ್ಲ, ಮೊಸರೂ ಇಲ್ಲ, ಹಾಲೂ ಇಲ್ಲ, ಬೇಳೆಯೂ ಇಲ್ಲ. ಸುದ್ದಿ ಕೇಳಿ ಓಣಿಯವರು ಬಂದು ನಮಸ್ಕಾರ ಮಾಡಿ ಹೋಗಿದ್ದರು. ಒಬ್ಬರು ಅವಳ ಕಾಲು ಮುಟ್ಟಲು ಹೋಗಿ ಮಡಿ ನೆನಪಾಗಿ ದೂರದಿಂದಲೇ ಅಡ್ಡಬಿದ್ದರಂತೆ.

ನಾನು ಬಾಯಿ ಸುಮ್ಮನೆ ಇಟ್ಟುಕೊಳ್ಳುವವಳಲ್ಲ. ನೀವು ಪೂಜೆ ಮಾಡುತ್ತಿರುವುದು ವ್ರತಕ್ಕಲ್ಲ, ಉಪವಾಸ ಬಿದ್ದು ಸಾಯುತ್ತಿರುವ ಮುದುಕಿಗೆ ಎಂದೆ. ಹಬ್ಬದ ದಿನ ಎಂಥ ಮಾತು ಎಂದು ತಮ್ಮ ಕಿವಿ ಮುಚ್ಚಿಕೊಂಡ. ಇವತ್ತು ವ್ರತ ಸಮರ್ಪಣೆಯಾಯಿತಲ್ಲ, ಇನ್ನು ಎಲ್ಲವನ್ನೂ ಉಣ್ಣಬಹುದು, ನೋಡೋಣ ಎಂದೆ. ಮಧ್ಯಾಹ್ನ ಒಳಬಾಗಿಲು ಮುಚ್ಚಿತು, ಸ್ವಲ್ಪ ಹೊತ್ತಿಗೆ ತೆರೆಯಿತು. ಅಷ್ಟರಲ್ಲಿ ನಾನು ಮನೆ ಸುತ್ತಿಕೊಂಡು ಹಿತ್ತಲಿಗೆ ಹೋಗಿದ್ದೆ. ಅತ್ತೆ ಎಲೆಯನ್ನು ಇದ್ದದ್ದು ಇದ್ದ ಹಾಗೆ ಮಡಚಿ ಆಕಳ ಮುಂದೆ ಇಡುತ್ತಿದ್ದಳು. ಅನ್ನ, ಹುಳಿ, ಪಾಯಸ, ಯಾವುದಕ್ಕೂ ಬೆರಳು ತಾಗಿರಲಿಲ್ಲ.

ಅತ್ತೆ ಒಳಗೆ ಹೋದ ಮೇಲೆ ತಮ್ಮನ ಹೆಂಡತಿ ಬಂದು, ಅಕ್ಕಿ ತೊಳೆದ ನೀರನ್ನು ಚರಂಡಿಗೆ ಸುರಿಯುತ್ತ ಬೇರೆ ಚಿಂತೆಯಲ್ಲಿದ್ದಳು. ಮೊದಲಾಗಿದ್ದರೆ ಹಾಲಿನಾಕೆ ಮಧ್ಯಾಹ್ನ ಬಂದು ಈ ನೀರು, ಸಿಪ್ಪೆ ಎಲ್ಲ ತನ್ನ ಎಮ್ಮೆಗೆ ಒಯ್ಯುತ್ತಿದ್ದಳಂತೆ. ಮಳೆ ಹಿಡಿಯುವ ಮುಂಚೆ ಜಾರಿ ಬಿದ್ದು, ಎಮ್ಮೆ ಮಾರಿ, ದೇವದುರ್ಗದ ಮಗಳ ಮನೆ ಸೇರಿದ್ದಾಳಂತೆ. ಈಗ ಪ್ಯಾಕೆಟ್ ಹಾಲು, ಕೆನೆ ಕಟ್ಟುವುದಿಲ್ಲ ಎಂದು ಗೊಣಗಿದಳು. ನನಗೆ ಆ ಹೊತ್ತಿನಲ್ಲಿ ಹಾಲಿನ ಕೆನೆ ಕಟ್ಟಿಕೊಂಡು ಏನಾಗಬೇಕಿತ್ತು? ಆ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ.

ಮರುದಿನವೇ ಅತ್ತೆಯನ್ನು ರಾಯಚೂರಿಗೆ ಕರೆದುಕೊಂಡು ಬಂದೆ. ಜಗಳವಾಡುವಳು ಎಂದುಕೊಂಡಿದ್ದೆ. ತಕರಾರಿಲ್ಲದೆ ಸೀರೆ ಗಂಟು ಕಟ್ಟಿಕೊಂಡಳು, ಅದೇ ನನಗೆ ಇನ್ನೊಂದು ಆಘಾತ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಕಾಲುವೆ ನೀರಿನ ಭತ್ತದ ಗದ್ದೆಗಳ ಕಡೆ ನೋಡುತ್ತ, ನೋಡದೆ ಇದ್ದಳು. ನನ್ನದು ಎರಡನೇ ಮಹಡಿಯ ಬಾಡಿಗೆ ಮನೆ. ಒಳಗೆ ಬಂದವಳು ಒಂದು ಸುತ್ತು ಹಾಕಿ, “ಹಿತ್ತಲ ಬಾಗಲ ಎಲ್ಲದ?” ಎಂದು ಕೇಳಿದಳು. ಇಲ್ಲ ಎಂದೆ. ತುಳಸಿ ಕುಂಡ ಬಾಲ್ಕನಿಯಲ್ಲಿದೆ ಎಂದು ತೋರಿಸಿದೆ.

ಡಾಕ್ಟರು ರಕ್ತ, ಮೂತ್ರ, ಹೊಟ್ಟೆಯ ಸ್ಕ್ಯಾನ್ ಎಲ್ಲ ಮಾಡಿಸಿದರು. ಕಾಯಿಲೆ ಯಾವುದೂ ಇಲ್ಲ, ಊಟವಿಲ್ಲದೆ ಕರಗುತ್ತಿದ್ದಾರೆ, ಹೀಗೇ ನಡೆದರೆ ಚಳಿಗಾಲ ಕಳೆಯುವುದು ಕಷ್ಟ ಎಂದು ನನ್ನನ್ನು ಹೊರಗೆ ಕರೆದು ಹೇಳಿದರು. ವಯಸ್ಸಾದವರಿಗೆ ಒಂಟಿತನ ಇರುತ್ತದೆ, ಜೊತೆಗೆ ಕೂತು ಉಣ್ಣಿ ಎಂದು ಸಲಹೆ ಕೊಟ್ಟರು.

ಜೊತೆಗೆ ಕೂತು ಉಣ್ಣುವುದು ಎಂದರೆ ನನ್ನ ಕಸುಬಿನದೇ ಮಾತು. ನಾನು ಸ್ಪ್ಯಾನಿಷ್ ಕಲಿಸುತ್ತೇನೆ. ರಾಯಚೂರಿನಲ್ಲಿ ಹೀಗೆಂದರೆ ಜನ ಮೊದಲು ‘ಯಾರಿಗೆ?’ ಎನ್ನುತ್ತಾರೆ, ಆಮೇಲೆ ‘ಯಾಕೆ?’ ಎನ್ನುತ್ತಾರೆ. ಹೈದರಾಬಾದಿನಲ್ಲಿ ಓದುವಾಗ ಕಲಿತದ್ದು, ಈಗ ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕೂತು ಹೊಟ್ಟೆ ಹೊರೆಯುತ್ತೇನೆ. ಕನ್ನಡದಲ್ಲೇ ಕಲಿಸುವ ಒಂದು ತರಗತಿಯೂ ಇದೆ. ಅದರಲ್ಲಿ ನನಗೆ ಬಹಳ ಇಷ್ಟದ ಒಂದು ಪದ ‘ಹುಂತೊಸ್’. ಒಟ್ಟಿಗೆ, ಜೊತೆಯಾಗಿ ಎಂದು ಅರ್ಥ. ನಮ್ಮ ‘ಒಟ್ಟಿಗೆ’ ಯಾರ ಜೊತೆ ಹಾಕಿದರೂ ಹಾಗೇ ಇರುತ್ತದೆ. ಅವರದು ಹಾಗಲ್ಲ, ಅದು ಗುಣವಾಚಕ, ಯಾರ ಬಗ್ಗೆ ಹೇಳುತ್ತೇವೋ ಅವರ ಹಾಗೆ ವೇಷ ಹಾಕುತ್ತದೆ. ಬರೀ ಹೆಂಗಸರಾದರೆ ‘ಹುಂತಾಸ್’. ಓಣಿ ತುಂಬ ಹೆಂಗಸರಿದ್ದು ಒಬ್ಬ ಗಂಡಸು ಬಂದು ಮೂಲೆಯಲ್ಲಿ ನಿಂತರೂ ಸಾಕು, ಎಲ್ಲರೂ ‘ಹುಂತೊಸ್’ ಆಗಿಬಿಡುತ್ತಾರೆ. ಇದನ್ನು ಹೇಳಿಕೊಡುವಾಗ ಪ್ರತಿ ಸಲ ನನಗೆ ಸಿಟ್ಟು ಬರುತ್ತದೆ, ಪ್ರತಿ ಸಲ ಮಕ್ಕಳು ನಗುತ್ತಾರೆ. ಒಬ್ಬರೇ ಇದ್ದ ಕಡೆ ಈ ಪದಕ್ಕೆ ಕೆಲಸವಿಲ್ಲ. ಕನಿಷ್ಠ ಇಬ್ಬರು ಬೇಕು.

ಇಷ್ಟೆಲ್ಲ ಪಾಠ ಹೇಳುವವಳು ನಾನು, ಸರಿ, ಅತ್ತೆಯ ಎದುರು ಒಂದು ಎಲೆ ಹಾಕಿಕೊಂಡು ಕೂತೆ. ಅವಳು ತನ್ನ ಎಲೆಯನ್ನು ಸರಕ್ಕನೆ ಗೋಡೆಯ ಕಡೆ ತಿರುಗಿಸಿಕೊಂಡಳು. ಮುಖದಲ್ಲಿ ಸಿಟ್ಟಿರಲಿಲ್ಲ, ನಾಚಿಕೆ ಇತ್ತು. ಅಪರಿಚಿತರ ಮುಂದೆ ಸೆರಗು ಜಾರಿದವರ ಹಾಗೆ. ಬಂಧುಗಳು ಫೋನಿನಲ್ಲಿ ಹೇಳಿದ್ದನ್ನೆಲ್ಲ ಮಾಡಿ ನೋಡಿದೆ. ಅವಳ ಓರಗೆಯ ಮಡಿ ಹೆಂಗಸೊಬ್ಬರನ್ನು ಕರೆದುಕೊಂಡು ಬಂದೆ, ಇಬ್ಬರೂ ಗೌರವದಿಂದ ಒಬ್ಬರ ಮುಂದೆ ಒಬ್ಬರು ಉಪವಾಸ ಕೂತರು. ಅತ್ತೆ ದಿನಕ್ಕೆ ಒಂದು ಬಾಳೆಹಣ್ಣು, ಅರ್ಧ ಲೋಟ ನೀರುಮಜ್ಜಿಗೆಯಲ್ಲಿ ಉಳಿದಿದ್ದಳು. ಬೈದೆ, ಕಣ್ಣೀರಿಟ್ಟೆ, ದೇವರ ಆಣೆ ಹಾಕಿದೆ. ಉಣ್ಣಬಾರದು ಎಂದಿಲ್ಲ, ಗಂಟಲಿಗೆ ಇಳಿಯುವುದಿಲ್ಲ ಎಂದಷ್ಟೇ ಹೇಳುತ್ತಿದ್ದಳು.

ಒಂದು ಮಧ್ಯಾಹ್ನ ಕನ್ನಡದ ತರಗತಿ ನಡೆದಿತ್ತು. ಪಾಠ ಅದೇ ಹುಂತೊಸ್, ಹುಂತಾಸ್. ಒಬ್ಬ ಹುಡುಗಿ ಕೇಳಿದಳು, ತಾನೂ ಗೆಳತಿಯೂ ಬೇರೆ ಬೇರೆ ಊರಲ್ಲಿ ಕೂತು ಫೋನಿನಲ್ಲಿ ಮಾತಾಡುತ್ತ ಚಹಾ ಕುಡಿದರೆ ಹುಂತಾಸ್ ಎನ್ನಬಹುದೇ ಎಂದು. ನಾನು ಬಹಳ ತಿಳಿದವಳ ಹಾಗೆ ಇಲ್ಲ ಎಂದೆ. ಜೋಡಿಸಿದ ಕೈಗಳಿಗೆ ಈ ಪದ ಬಳಸುತ್ತಾರೆ, ಅಂಟಿಕೊಂಡ ಮನೆಗಳಿಗೆ ಬಳಸುತ್ತಾರೆ, ಒಂದನ್ನೊಂದು ಮುಟ್ಟುವಷ್ಟು ಹತ್ತಿರ ಇರಬೇಕು, ನಡುವೆ ಗೋಡೆ ಬಂದರೆ ಮುಗಿಯಿತು ಎಂದೆ. ತರಗತಿ ಮುಗಿಸಿ ತಿರುಗಿದರೆ ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಚೌಕಟ್ಟು ಹಿಡಿದು ನಿಂತಿದ್ದಳು.

“ಗ್ವಾಡಿ ಇದ್ರ ಆ ಶಬ್ದ ಬರೂದಿಲ್ಲ ಅಂದಿ,” ಎಂದಳು. “ಹೊಸ್ತಲ ಇದ್ರ?”

ನನಗೆ ತಕ್ಷಣ ಅರ್ಥವಾಗಲಿಲ್ಲ. ಯಾರ ನಡುವೆ ಹೊಸ್ತಿಲು ಎಂದೆ.

“ಇಬ್ರು ಹೆಂಗಸ್ರು. ಒಬ್ಬಾಕಿ ಹೊಸ್ತಲ ಒಳಗ, ಒಬ್ಬಾಕಿ ಹೊರಗ. ಮುಟ್ಟಿಲ್ಲ. ಆಕಿ ತನ್ನ ರೊಟ್ಟಿ ಉಂಡ್ಲು, ಈಕಿ ತನ್ನ ಅನ್ನ ಉಂಡ್ಲು. ಇದಕ್ಕ ಬರ್ತದೇನು, ನಿನ್ನ ಶಬ್ದ?”

ಹೇಳುವಾಗ ಅತ್ತೆ ನನ್ನ ಮುಖ ನೋಡಲಿಲ್ಲ. ಎಷ್ಟು ದಿನ ಹೀಗೆ ಉಂಡರು ಎಂದು ಕೇಳಿದೆ.

“ನೀ ಇನ್ನೂ ಹುಟ್ಟಿದ್ದಿಲ್ಲ, ಕೂಸ,” ಎಂದಳು.

ಆಮೇಲೆ ಅವಳು ಕೆಳಗೆ ಕೂತು ಎಲ್ಲ ಹೇಳಿದಳು. ಗಂಡ ಸತ್ತು ತವರಿಗೆ ಬಂದ ಹೊಸದರಲ್ಲಿ ಅಜ್ಜ ಅವಳಿಗೆ ಮಡಿಯ ಕಟ್ಟುಕಟ್ಟಳೆ ಹೇಳಿ, ಒಳಬಾಗಿಲು ಹಾಕಿಕೊಂಡು ಉಣ್ಣಬೇಕೆಂದು ಕೂರಿಸಿದ್ದರು. ಎಲೆಯ ಮುಂದೆ ಕೂತರೆ ಅಳು, ಅನ್ನ ಇಳಿಯುತ್ತಿರಲಿಲ್ಲ. ಅಕ್ಕಿ ತೊಳೆದ ನೀರಿಗಾಗಿ ಹಿತ್ತಲಿಗೆ ಬರುತ್ತಿದ್ದ ಹಾಲಿನಾಕೆ ಆಗ ಹೊಸದಾಗಿ ಮದುವೆಯಾಗಿ ಕುರುಬರ ಓಣಿಗೆ ಬಂದವಳು, ಅತ್ತೆಯದೇ ವಯಸ್ಸು. ಒಂದು ದಿನ ತೆರೆದ ಹಿತ್ತಲ ಬಾಗಿಲಿನಿಂದ ಇದನ್ನು ಕಂಡಳು. ಏನೂ ಸಮಾಧಾನ ಹೇಳಲಿಲ್ಲ. ಹೊಸ್ತಿಲಿನಿಂದ ಆಚೆ ಕಲ್ಲಿನ ಮೇಲೆ ಕೂತು ತನ್ನ ಬುತ್ತಿ ಬಿಚ್ಚಿ ರೊಟ್ಟಿ ಮುರಿದು, ನಾ ಉಣ್ಣಾಕತ್ತೀನಿ, ನೀವೂ ಉಣ್ರಿ ಅಂದಳಂತೆ. ಅತ್ತೆ ಉಂಡಳು. ಮರುದಿನವೂ ಅವಳು ಬುತ್ತಿ ಕಟ್ಟಿಕೊಂಡೇ ಬಂದಳು. ಆವತ್ತಿನಿಂದ ಈ ವರ್ಷ ಮಳೆ ಹಿಡಿಯುವ ತನಕ ಅದು ತಪ್ಪಲಿಲ್ಲ. ನಾವೆಲ್ಲ ಕಾಲಿನ ಸಪ್ಪಳ ಮಾಡದೆ ಕಾದ ಆ ಒಳಬಾಗಿಲಿನ ಹಿಂದೆ ಹಿತ್ತಲ ಬಾಗಿಲು ಹಾರು ಹೊಡೆದಿತ್ತು.

ಇದರ ಅರ್ಥ ಹೊರಗಿನವರಿಗೆ ಆಗಲಿಕ್ಕಿಲ್ಲ. ಸ್ವಂತ ತಮ್ಮನ ಮಕ್ಕಳ ದೃಷ್ಟಿಯೂ ಬೀಳಬಾರದ ಅನ್ನದ ಮೇಲೆ ಕುರುಬರ ಹೆಣ್ಣುಮಗಳ ದೃಷ್ಟಿ ಒಂದು ಜನ್ಮದಷ್ಟು ಕಾಲ ಬಿದ್ದಿತ್ತು. ಅಜ್ಜನಿಗೆ ಗೊತ್ತಾಗಿದ್ದರೆ ಮನೆ ಉಳಿಯುತ್ತಿರಲಿಲ್ಲ. ನನ್ನ ತಮ್ಮನಿಗೆ ಗೊತ್ತಾದರೆ ಈಗಲೂ ದೊಡ್ಡ ರಂಪವೇ. ಅತ್ತೆಯ ಆ ಕೈಯಿಂದಲೇ ಅಲ್ಲವೇ ದೇವರ ನೈವೇದ್ಯ ನಡೆದದ್ದು. ನಾನು ಏನೆಲ್ಲ ಓದಿದ್ದೇನೆ, ಯಾವ ಯಾವ ದೇಶದವರ ಜೊತೆ ಒಂದೇ ಮೇಜಿನಲ್ಲಿ ಉಂಡಿದ್ದೇನೆ, ಆದರೂ ಎದ್ದು ಹೋಗಿ, ಯಾರಾದರೂ ಕೇಳಿಸಿಕೊಂಡಾರು ಎಂದು ಬಾಲ್ಕನಿಯ ಬಾಗಿಲು ಮುಚ್ಚಿ ಬಂದೆ.

ಹಾಲಿನಾಕೆ ಊರು ಬಿಟ್ಟದ್ದು ನಿನಗೆ ಗೊತ್ತಿರಲಿಲ್ಲವೇ ಎಂದೆ. ಇಲ್ಲವಂತೆ. ಒಂದು ಮಧ್ಯಾಹ್ನ ಬರಲಿಲ್ಲ. ಅತ್ತೆ ಎಲೆಯ ಮುಂದೆ ಕಾದಳು. ಅನ್ನ ಆರಿತು, ಆಕಳಿಗೆ ಹಾಕಿದಳು. ಮರುದಿನವೂ ಕಾದಳು. ಹಾಲಿನ ಬದಲು ಪ್ಯಾಕೆಟ್ ಬಂತು. ಸತ್ತಳೋ ಇದ್ದಾಳೋ ಎಂದು ಚಿಂತೆ, ನಿದ್ದೆಯೂ ಹತ್ತಲಿಲ್ಲ. ಮನೆಯವರೆಲ್ಲ ಹಾಲಿನಾಕೆ ಬಿದ್ದ ಸುದ್ದಿ, ಎಮ್ಮೆ ಮಾರಿದ ಸುದ್ದಿ ಪಡಸಾಲೆಯಲ್ಲಿ ಕೂತು ಆಡಿದ್ದರು. ಮಡಿಯಲ್ಲಿ ಅಡುಗೆಮನೆಯಲ್ಲಿದ್ದವಳಿಗೆ ಒಬ್ಬರೂ ಹೇಳಲಿಲ್ಲ. ಹೇಳಬೇಕೆಂದು ಯಾರಿಗೆ ತಾನೇ ಹೊಳೆಯಬೇಕು? ನಾನು ತಡೆಯಲಾರದೆ, ಬಾಯಿ ತೆರೆದು ಒಂದು ಮಾತು ಕೇಳಬಾರದಿತ್ತೇ ಎಂದು ರೇಗಿದೆ.

“ಯಾರನ್ನ ಕೇಳ್ಲಿ?” ಎಂದಳು ಅತ್ತೆ. “ಏನಂತ ಕೇಳ್ಲಿ? ಆಕಿ ನನಗ ಏನಾಗ್ಬೇಕು?”

ಅವಳು ಬದುಕಿದ್ದಾಳೆ, ದೇವದುರ್ಗದಲ್ಲಿ ಮಗಳ ಮನೆಯಲ್ಲಿದ್ದಾಳೆ ಎಂದು ಹೇಳಿದೆ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಸದ್ದಿಲ್ಲದೆ ಅತ್ತಳು. ಅವಳು ಅತ್ತದ್ದನ್ನು ನಾನು ಮೊದಲ ಸಲ ನೋಡಿದ್ದು ಆವತ್ತೇ.

ತಮ್ಮನಿಗೆ ಇನ್ನೊಬ್ಬ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ ಎಂದು ಫೋನ್ ಮಾಡಿ, ಮಾನ್ವಿಯ ಪರಿಚಯದವರಿಂದ ವಿಳಾಸ ಕೇಳಿಕೊಂಡು ದೇವದುರ್ಗದ ಬಸ್ಸು ಹತ್ತಿದೆವು. ಅತ್ತೆ ಒಂದು ಸ್ಟೀಲ್ ಡಬ್ಬಿಯಲ್ಲಿ ಒಣ ಅವಲಕ್ಕಿ ಹಾಕಿಕೊಂಡಿದ್ದಳು. ಮಡಿಯ ಹೆಂಗಸು ಪ್ರಯಾಣದಲ್ಲಿ ಉಣ್ಣುವುದಾದರೆ ಇನ್ನೇನು ಉಂಡಾಳು? ಗಬ್ಬೂರು ದಾಟುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಇದ್ದಕ್ಕಿದ್ದ ಹಾಗೆ ಅವಳು, ಹೊತ್ತು ಮೀರಬಾರದು, ಊಟದ ಹೊತ್ತಿಗೆ ಮುಟ್ಟಬೇಕು ಎಂದಳು. ಡ್ರೈವರನಿಗೆ ಹೇಳಿ ಬಸ್ಸು ಜೋರು ಓಡಿಸಲೇನು ಎಂದು ತಮಾಷೆ ಮಾಡಿದೆ. ಹೇಳು ಎಂದಳು, ನಗದೇ.

ಓಣಿಯ ಕೊನೆಯಲ್ಲಿ ಮನೆ. ಬಾಗಿಲು ತೆಗೆದ ಮಗಳು ಕೆಂಪು ಸೀರೆಯ ಮಡಿ ಹೆಂಗಸನ್ನು ತನ್ನ ಕಟ್ಟೆಯ ಮೇಲೆ ಕಂಡು ಗಾಬರಿಯಾಗಿ ಎರಡು ಹೆಜ್ಜೆ ಹಿಂದಕ್ಕೆ ಸರಿದಳು, ಮೈಲಿಗೆ ತಾಗೀತು ಎಂದು. ತಾಯಿ ಎಲ್ಲಿ ಎಂದರೆ ಹಿಂದುಗಡೆ ಕೈ ಮಾಡಿದಳು. “ಮಧ್ಯಾಹ್ನ ಆತಂದ್ರ ಹಿಂದಿನ ಬಾಗಲಕ್ಕ ಕುಂದ್ರಸು ಅಂತಾಳ್ರೀ,” ಎಂದಳು. “ಇಲ್ಲೇ ಫ್ಯಾನಿನ ಕೆಳಗ ಉಣ್ಣಬೇ ಅಂದ್ರ ಕೇಳಂಗಿಲ್ಲ.”

ಅತ್ತೆ ಮನೆಯೊಳಗೆ ಕಾಲಿಡಲಿಲ್ಲ, ಸಂದಿಯಿಂದ ಹಿತ್ತಲಿಗೆ ನಡೆದಳು. ಹಿಂದಿನ ಬಾಗಿಲ ಒಳಗೆ, ಮಡಚಿದ ಕೌದಿಯ ಮೇಲೆ ಹಾಲಿನಾಕೆ ಕಾಲು ಚಾಚಿ ಕೂತಿದ್ದಳು. ಮುಂದೆ ಗಂಗಾಳದಲ್ಲಿ ಎರಡು ರೊಟ್ಟಿ, ಕೆಂಪು ಚಟ್ನಿ. ತಲೆ ಎತ್ತಿ ನೋಡಿದವಳು ನೋಡುತ್ತಲೇ ಉಳಿದಳು. ಇಬ್ಬರೂ ಕೈ ಹಿಡಿಯಲಿಲ್ಲ, ಅಪ್ಪಿಕೊಳ್ಳಲಿಲ್ಲ, ಅದು ಅವರ ಪದ್ಧತಿಯಲ್ಲೇ ಇರಲಿಲ್ಲ. ಅತ್ತೆ ಹೊಸ್ತಿಲಿನಿಂದ ಆಚೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ಈಗ ಹೊರಗೆ ಇವಳು, ಒಳಗೆ ಅವಳು.

“ಎಷ್ಟ್ ಸೊರಗೀರಿ, ಅಮ್ಮಾರ,” ಎಂದಳು ಹಾಲಿನಾಕೆ. ಅತ್ತೆ ಡಬ್ಬಿ ಬಿಚ್ಚಿದಳು, ಅವಳು ರೊಟ್ಟಿ ಮುರಿದಳು. ನಾನು ಗೋಡೆಯ ಮರೆಗೆ ಸರಿದು ನಿಂತೆ. ಅತ್ತೆ ನಾಲ್ಕು ಬೆರಳಲ್ಲಿ ಅವಲಕ್ಕಿ ತೆಗೆದು ಬಾಯಿಗೆ ಹಾಕಿ ಅಗಿದು ನುಂಗಿದ್ದನ್ನು ನನ್ನ ಕಣ್ಣಾರೆ ಕಂಡೆ. ಮತ್ತೊಂದು ತುತ್ತು. ಮತ್ತೊಂದು. ಇಷ್ಟಾದರೆ ಸಾಕಪ್ಪಾ ದೇವರೇ ಎಂದುಕೊಂಡೆ. ಡಬ್ಬಿ ಖಾಲಿಯಾಯಿತು. ಅತ್ತೆ ಖಾಲಿ ಡಬ್ಬಿಯನ್ನು ನೋಡಿ, ಹಾಲಿನಾಕೆಯ ಗಂಗಾಳ ನೋಡಿದಳು. ಆಮೇಲೆ ಕೈ ಚಾಚಿದಳು.

ಹಾಲಿನಾಕೆ ಹಾವು ಕಂಡವಳ ಹಾಗೆ ಗಂಗಾಳವನ್ನು ಹಿಂದಕ್ಕೆ ಎಳೆದುಕೊಂಡಳು. “ಬ್ಯಾಡ್ರಿ, ಅಮ್ಮಾರ. ಇಷ್ಟು ವರ್ಷ ನಿಮ್ಮ ಮಡಿ ನಾ ಕಾಯ್ದೀನಿ. ಒಂದಿನಾ ನನ್ನ ನೆಳ್ಳ ಬೀಳಗೊಟ್ಟಿಲ್ಲ. ಇವತ್ತ ನನ್ನ ಕೈಲೆ ಕೆಡಸಬ್ಯಾಡ್ರಿ.”

“ಹಸಿವಿ ಆಗ್ಯದ,” ಎಂದಳು ಅತ್ತೆ.

ಆ ಮಾತನ್ನು ಅತ್ತೆಯ ಬಾಯಲ್ಲಿ ನಾನು ಎಂದೂ ಕೇಳಿರಲಿಲ್ಲ. ಏಕಾದಶಿಯ ಮರುದಿನವೂ ಇಲ್ಲ, ಊರೆಲ್ಲ ಉಂಡು ಅವಳ ಪಾಲಿಗೆ ತಳ ಹತ್ತಿದ ಅನ್ನ ಉಳಿದ ದಿನವೂ ಇಲ್ಲ. ಹಾಲಿನಾಕೆಯ ಕೈ ಸಡಿಲಾಯಿತು. ಅತ್ತೆ ಬಾಗಿ, ಹೊಸ್ತಿಲ ಆಚೆ ಕೈ ನೀಡಿ, ಅವಳು ಉಣ್ಣುತ್ತಿದ್ದ ರೊಟ್ಟಿಯಿಂದಲೇ ಒಂದು ತುಣುಕು ಮುರಿದು ಚಟ್ನಿಗೆ ಒತ್ತಿ ಬಾಯಿಗೆ ಹಾಕಿದಳು. ಹೊಸ್ತಿಲ ಆ ಬದಿಗೆ ಮಗಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಖಾರಕ್ಕೆ ಅತ್ತೆಯ ಕಣ್ಣು ಮೂಗು ಎಲ್ಲ ಹರಿಯಿತು, ಕೆಮ್ಮಿದಳು. ಕೆಮ್ಮುತ್ತಲೇ ಅದರಲ್ಲಿ ಏನಿದೆ ಎಂದು ಕೇಳಿದಳು.

“ಬಳ್ಳೊಳ್ಳಿ ಅದ ರೀ,” ಎಂದಳು ಹಾಲಿನಾಕೆ ಅಳುತ್ತ. ಬೆಳ್ಳುಳ್ಳಿ ನಮ್ಮ ಮನೆಯ ಅಂಗಳವನ್ನೂ ಕಂಡದ್ದಲ್ಲ.

ಅತ್ತೆ ಇನ್ನೊಂದು ತುಣುಕಿಗೆ ಕೈ ಚಾಚಿದಳು. “ಇಷ್ಟು ವರ್ಷ ಇದರ ವಾಸನಿ ಉಂಡೆ,” ಎಂದಳು. “ಇವತ್ತ ರುಚಿ ಉಂಡೆ.”

ಹಾಲಿನಾಕೆ ಸೆರಗಿನಿಂದ ಮುಖ ಒರೆಸಿಕೊಂಡು, ಗಂಗಾಳವನ್ನು ಎತ್ತಿ ಇಬ್ಬರ ನಡುವೆ ಹೊಸ್ತಿಲ ಮೇಲೆ ಇಟ್ಟಳು.